ಹಿರಿಯರ ಮತ ಮನೆಯವರ ಸ್ವತ್ತಲ್ಲ

ಸಂಪಾದಕರಿಗೆ,

ಮಾನ್ಯರೇ,

ಚುನಾವಣೆ ಹತ್ತಿರ ಬಂದಾಗಲೆಲ್ಲ ಮನೆಯಲ್ಲಿರುವ ಹಿರಿಯರ ಮತದ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಬದುಕಿನುದ್ದಕ್ಕೂ ಒಂದೇ ಪಕ್ಷಕ್ಕೆ ಮತ ಹಾಕಿಕೊಂಡು ಬಂದವರಾದರೆ ‘ಅವರಿಗೇನು ಗೊತ್ತಾಗುತ್ತದೆ, ಹಳೇ ಗುರುತು ಹುಡುಕಿ ಒತ್ತಿ ಬರುತ್ತಾರೆ’ ಎನ್ನುತ್ತೇವೆ. ಅದೇ ಹಿರಿಯರು ಇಳಿವಯಸ್ಸಿನಲ್ಲಿ ಪಕ್ಷ ಬದಲಿಸಿದರೆಂದು ತಿಳಿದರೆ ‘ಯಾರೋ ತಲೆ ಕೆಡಿಸಿದ್ದಾರೆ’ ಎನ್ನುತ್ತೇವೆ. ಎರಡೂ ಮಾತಿನ ಬುಡದಲ್ಲಿರುವ ಎಣಿಕೆ ಒಂದೇ: ಎಂಬತ್ತರ ಆಸುಪಾಸಿನಲ್ಲಿರುವವರು ತಾವಾಗಿ ಯೋಚಿಸಿ ಮತ ಹಾಕಲಾರರು, ಆದ್ದರಿಂದ ಅವರ ಮತವನ್ನು ನಿಭಾಯಿಸುವ ಹೊಣೆ ಮಕ್ಕಳದ್ದು. ಈ ಎಣಿಕೆ ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು ಎಂಬುದನ್ನು ನನ್ನ ತಾಯಿಯ ಮತದಾನದ ಚರಿತ್ರೆಯ ಮೂಲಕ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಾಯಿ ಹುಟ್ಟಿದ್ದು 1940ರಲ್ಲಿ. ಮತದಾನದ ವಯಸ್ಸು ಆಗ 21 ಇದ್ದುದರಿಂದ ಅವರ ಮೊದಲ ಮತ 1962ರ ಮೂರನೆಯ ಮಹಾಚುನಾವಣೆಯದು. ಅದಕ್ಕೂ ಹಿಂದಿನ ಎರಡು ಚುನಾವಣೆಗಳಲ್ಲಿ ಅಭ್ಯರ್ಥಿಗೊಂದರಂತೆ ಪೆಟ್ಟಿಗೆ ಇಟ್ಟು, ಮತದಾರರು ತಮಗೆ ಬೇಕಾದ ಗುರುತಿನ ಪೆಟ್ಟಿಗೆಯೊಳಗೆ ಚೀಟಿ ಹಾಕುವ ಪದ್ಧತಿ ಇತ್ತು. ಒಂದೇ ಮತಪತ್ರದಲ್ಲಿ ಎಲ್ಲ ಗುರುತುಗಳನ್ನು ಮುದ್ರಿಸಿ, ಬೇಕಾದುದರ ಎದುರು ಮುದ್ರೆ ಒತ್ತುವ ಕ್ರಮ ಬಳಕೆಗೆ ಬಂದದ್ದು ಅದರ ನಂತರ. ಮೈಸೂರಿನಲ್ಲಿ ತಯಾರಾಗುವ ಅಳಿಸಲಾಗದ ಶಾಯಿ ಮತದಾರರ ಬೆರಳಿಗೆ ಬಿದ್ದದ್ದೂ 1962ರಿಂದಲೇ. ತಾಯಿ ಆ ದಿನ ಆಗಿನ ಕಾಂಗ್ರೆಸ್ಸಿನ ಜೋಡೆತ್ತಿನ ಗುರುತಿಗೆ ಮುದ್ರೆ ಒತ್ತಿದರು. ಏಕೆ ಎಂದು ಕೇಳಿದರೆ ಇಂದಿಗೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ಮಾವನವರು ಮನೆಯ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಎತ್ತು ಎಲ್ಲಿದೆ ನೋಡಿ ಅಲ್ಲಿಗೆ ಒತ್ತಿ ಎಂದಿದ್ದರು, ಅವರು ಒತ್ತಿದರು. ಅಭ್ಯರ್ಥಿಯ ಹೆಸರು ಅವರಿಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಹಿರಿಯರ ಪಕ್ಷನಿಷ್ಠೆ ಎಂದು ನಾವು ಕರೆಯುವುದು ಎಷ್ಟೋ ಸಲ ಹೀಗೆ ಮನೆಯ ಯಜಮಾನನ ನಿಷ್ಠೆಯಿಂದ ಆರಂಭವಾದದ್ದು. ಅಲ್ಲಿಂದ ಮುಂದೆ ಅದು ಅವರದೇ ಆಗುವ ಬಗೆ ಬೇರೆ, ಮತ್ತು ಅದು ನಡೆಯುವುದು ತೀರ ನಿಧಾನವಾಗಿ. 1969ರಲ್ಲಿ ಕಾಂಗ್ರೆಸ್ ಒಡೆಯಿತು. ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು, ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅವರ ಕಡೆಗೇ ನಿಂತರು. ಇಂದಿರಾ ಗಾಂಧಿಯವರ ಬಣವನ್ನು ಇಲ್ಲಿ ಕಟ್ಟಿದವರು ದೇವರಾಜ ಅರಸು. ಹಳೆಯ ನಾಯಕರೆಲ್ಲ ಒಂದು ಕಡೆ ಇದ್ದರೂ 1971ರ ಲೋಕಸಭಾ ಚುನಾವಣೆಯಲ್ಲಿ ಆಗಿನ ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಅವರ ಕಾಂಗ್ರೆಸ್ ಗೆದ್ದಿತು. ಜೋಡೆತ್ತು ಹೋಗಿ ಹಸು-ಕರು ಬಂದಿತ್ತು. ನನ್ನ ಅಜ್ಜ ನಿಜಲಿಂಗಪ್ಪನವರ ಜೊತೆಗೇ ಉಳಿದರು, ತಂದೆಯವರು ಹಸು-ಕರುವಿನ ಕಡೆಗೆ ಬಂದರು, ತಾಯಿ ತಂದೆಯವರ ಜೊತೆ ಬಂದರು. ಅಜ್ಜನ ದೃಷ್ಟಿಯಲ್ಲಿ ಪಕ್ಷ ಬಿಟ್ಟವರು ಮಗ ಮತ್ತು ಸೊಸೆ. ತಂದೆಯವರ ದೃಷ್ಟಿಯಲ್ಲಿ ಪಕ್ಷ ಬಿಟ್ಟವರು ಅಜ್ಜ. ಇಬ್ಬರೂ ತಾವು ಕಾಂಗ್ರೆಸ್ಸಿಗೇ ಮತ ಹಾಕಿದೆವೆಂದು ಪ್ರಾಮಾಣಿಕವಾಗಿ ನಂಬಿದ್ದರು. ಆದ್ದರಿಂದಲೇ ಹಿರಿಯರೊಬ್ಬರು ‘ಪಕ್ಷ ಬದಲಿಸಿದರು’ ಎಂದು ಯಾರಾದರೂ ಹೇಳಿದಾಗ, ಬದಲಾದದ್ದು ಮತದಾರರೋ ಪಕ್ಷವೋ ಎಂದು ಮೊದಲು ಕೇಳಬೇಕೆನಿಸುತ್ತದೆ.

ಮುಖ್ಯಮಂತ್ರಿಯಾಗಿದ್ದ ಅರಸು ಅವರು ತಂದ 1974ರ ಭೂಸುಧಾರಣಾ ತಿದ್ದುಪಡಿ ತಾಯಿಯ ಮತವನ್ನು ಗಟ್ಟಿ ಮಾಡಿತು. ಅವರ ತವರಿನವರು ಗೇಣಿದಾರರು. ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ಅಲೆದಾಡಿ, ಉಳುತ್ತಿದ್ದ ಹೊಲವನ್ನು ತಮ್ಮದಾಗಿಸಿಕೊಂಡರು. ಗಂಡನ ಮನೆಯವರು ಅದೇ ಕಾನೂನಿನಿಂದ ಗೇಣಿಗೆ ಕೊಟ್ಟಿದ್ದ ಒಂದು ತುಂಡು ಜಮೀನನ್ನು ಕಳೆದುಕೊಂಡರು. ಮನೆಯಲ್ಲಿ ಅರಸು ಅವರ ಹೆಸರೆತ್ತಿದರೆ ಆಗದ ಆ ದಿನಗಳಲ್ಲಿ ತಾಯಿ ಬಾಯಿ ಬಿಡದೆ ಇದ್ದು, ಮತಗಟ್ಟೆಯಲ್ಲಿ ತಮ್ಮ ತವರಿನ ಲೆಕ್ಕವನ್ನು ಚುಕ್ತಾ ಮಾಡಿ ಬಂದರಂತೆ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಅದು ಉಳಿಸಿಕೊಂಡದ್ದಕ್ಕೆ ಪಂಡಿತರು ಹತ್ತು ಕಾರಣ ಕೊಡಬಹುದು. ನನ್ನ ತಾಯಿಯಂಥವರ ಮೌನವೂ ಆ ಕಾರಣಗಳ ಪೈಕಿ ಒಂದಾಗಿರಬೇಕು.

1979ರಲ್ಲಿ ಅರಸು ಮತ್ತು ಇಂದಿರಾ ಬೇರೆಯಾದರು. ಹೊಲ ಕೊಟ್ಟವರು ಒಂದು ಕಡೆ, ಕೈ ಗುರುತು ಇನ್ನೊಂದು ಕಡೆ. 1980ರ ಜನವರಿಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಸ್ಥಾನ ಗೆದ್ದಿತು, ಅರಸು ಅವರ ಪಾಲಿಗೆ ಒಂದೂ ಬರಲಿಲ್ಲ. ತಾಯಿಯೂ ಕೈಗೇ ಹಾಕಿದ್ದರು. ಇದನ್ನು ಕೃತಘ್ನತೆ ಎನ್ನಬೇಕೆ? ಅವರ ಉತ್ತರ ಸರಳವಾಗಿದೆ: ಅರಸು ಅವರು ನಿಲ್ಲಿಸಿದ್ದ ಅಭ್ಯರ್ಥಿ ತವರಿನವರ ಅರ್ಜಿಗೆ ತಕರಾರು ಹಾಕಿದ್ದ ಮನೆತನದವನು. ಹೊಲ ಕೊಡಿಸಿದವರ ಹೆಸರಿನಲ್ಲಿ ಹೊಲ ಕಸಿಯಲು ನೋಡಿದವನಿಗೆ ಮತ ಹಾಕುವುದು ಹೇಗೆ? ಚುನಾವಣಾ ವಿಶ್ಲೇಷಣೆಗಳಲ್ಲಿ ಇಂಥ ಕಾರಣಕ್ಕೆ ಜಾಗವಿರುವುದಿಲ್ಲ. ಅಲ್ಲಿ ಅಲೆ ಇರುತ್ತದೆ, ಜಾತಿ ಸಮೀಕರಣ ಇರುತ್ತದೆ.

ತಾಯಿ ಮೊದಲ ಬಾರಿಗೆ ತಂದೆಯವರ ಮಾತು ಮೀರಿ ಮತ ಹಾಕಿದ್ದು 1983ರಲ್ಲಿ. ಆ ವರ್ಷ ಜನತಾ ಪಕ್ಷ ಮತ್ತು ಕ್ರಾಂತಿರಂಗ ಸೇರಿ ಕಾಂಗ್ರೆಸ್ಸನ್ನು ಅಧಿಕಾರದಿಂದ ಕೆಳಗಿಳಿಸಿ, ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ತಂದೆಯವರಿಗೆ ವಿಷಯ ಗೊತ್ತಾದದ್ದು ತಾಯಿಯ ಬಾಯಿಂದಲೇ. ಊಟಕ್ಕೆ ಕುಳಿತಿದ್ದವರು ಎದ್ದು ಹೋದರೆಂದು ಈಗ ನಗುತ್ತಾ ಹೇಳುತ್ತಾರೆ. ಮುಂದಿನ ಎರಡು ವರ್ಷಗಳಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ ಸಂಗತಿ. 1984ರ ಅಕ್ಟೋಬರ್ 31ರಂದು ಇಂದಿರಾ ಅವರ ಹತ್ಯೆಯಾಯಿತು. ಡಿಸೆಂಬರ್‌ನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಹೋದವು. ಜನರ ತೀರ್ಪು ತಮ್ಮ ಪಕ್ಷದ ವಿರುದ್ಧ ಬಂದಿದೆಯೆಂದು ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ವಿಧಾನಸಭೆಯ 224 ಸ್ಥಾನಗಳ ಪೈಕಿ 139ನ್ನು ಜನತಾ ಪಕ್ಷಕ್ಕೆ ಕೊಟ್ಟರು. ತಾಯಿ ಡಿಸೆಂಬರ್‌ನಲ್ಲಿ ಕೈಗೆ, ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ ಹಾಕಿದರು. ‘ದಿಲ್ಲಿಯ ಮನೆಗೆ ಒಬ್ಬರು, ಬೆಂಗಳೂರಿನ ಮನೆಗೆ ಒಬ್ಬರು, ಅದರಲ್ಲೇನಿದೆ?’ ಎನ್ನುವುದು ಅವರ ಮಾತು. ಆ ಮೂರು ತಿಂಗಳ ಹೊರಳುವಿಕೆಯನ್ನು ನಮ್ಮ ರಾಜ್ಯದ ಮತದಾರರ ಪ್ರಬುದ್ಧತೆಗೆ ಸಾಕ್ಷಿಯೆಂದು ಇಂದಿಗೂ ಉದಾಹರಿಸಲಾಗುತ್ತದೆ. 2019ರ ಲೋಕಸಭೆಯಲ್ಲಿ ಬಿಜೆಪಿಗೆ 25, 2023ರ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 135, 2024ರ ಲೋಕಸಭೆಯಲ್ಲಿ ಮತ್ತೆ ಬಿಜೆಪಿಗೆ 17 ಸ್ಥಾನ ಬಂದದ್ದನ್ನೂ ಹಾಗೆಯೇ ವಿವರಿಸುತ್ತೇವೆ. ಇಡೀ ರಾಜ್ಯ ಮಾಡಿದರೆ ಪ್ರಬುದ್ಧತೆಯಾಗುವುದು ಮನೆಯ ಮುದುಕಿಯೊಬ್ಬಳು ಮಾಡಿದರೆ ಚಾಂಚಲ್ಯವಾಗುವುದು ಹೇಗೆಂದು ನನಗೆ ತಿಳಿಯದು.

ಚಾಂಚಲ್ಯದ ಮಾತು ಬಂದದ್ದರಿಂದ ನಾಯಕರ ಕಡೆಗೂ ಒಮ್ಮೆ ನೋಡುವುದು ನ್ಯಾಯ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಜನತಾ ಪಕ್ಷದಿಂದ ನಿಂತಿದ್ದ ವೀರೇಂದ್ರ ಪಾಟೀಲರು 1989ರಲ್ಲಿ ಇಂದಿರಾ ಕಟ್ಟಿದ ಅದೇ ಪಕ್ಷವನ್ನು ಮುನ್ನಡೆಸಿ 178 ಸ್ಥಾನ ಗೆಲ್ಲಿಸಿ ಮುಖ್ಯಮಂತ್ರಿಯಾದರು. ಜನತಾ ಪರಿವಾರದ ಮುಖವಾಗಿದ್ದ ಹೆಗಡೆಯವರು 1996ರಲ್ಲಿ ಜನತಾದಳದಿಂದ ಉಚ್ಚಾಟಿತರಾಗಿ, ಲೋಕಶಕ್ತಿ ಕಟ್ಟಿ, 1998ರಲ್ಲಿ ಬಿಜೆಪಿಯ ಜೊತೆ ಹೊಂದಾಣಿಕೆ ಮಾಡಿಕೊಂಡರು. ಎಸ್. ಬಂಗಾರಪ್ಪನವರನ್ನು ಶಿವಮೊಗ್ಗದ ಮತದಾರರು 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಲೋಕಸಭೆಗೆ ಕಳುಹಿಸಿದರು. ಆ ಕ್ಷೇತ್ರದ ವೃದ್ಧರೊಬ್ಬರು ಈ ನಾಲ್ಕೂ ಸಲ ಬಂಗಾರಪ್ಪನವರಿಗೇ ಮತ ಹಾಕಿದ್ದರೆ ಅವರನ್ನು ನಿಷ್ಠಾವಂತರೆನ್ನಬೇಕೋ ಪಕ್ಷಾಂತರಿಗಳೆನ್ನಬೇಕೋ? ಬಿ.ಎಸ್. ಯಡಿಯೂರಪ್ಪನವರು ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿ 2013ರ ಚುನಾವಣೆ ಎದುರಿಸಿ ಮರುವರ್ಷ ಬಿಜೆಪಿಗೆ ಮರಳಿದರು. ಸಿದ್ದರಾಮಯ್ಯನವರು ಜನತಾ ಪರಿವಾರದಲ್ಲೇ ಬೆಳೆದು 2006ರಲ್ಲಿ ಕಾಂಗ್ರೆಸ್ ಸೇರಿದರು. ಎಸ್.ಎಂ. ಕೃಷ್ಣ ಅವರು ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾಗಿದ್ದು, ವಿದೇಶಾಂಗ ಸಚಿವರೂ ಆಗಿದ್ದು, 2017ರಲ್ಲಿ ಬಿಜೆಪಿಗೆ ಹೋದರು. ಜಗದೀಶ ಶೆಟ್ಟರ್ ಅವರು 2023ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ಸಿಗೆ ಬಂದು 2024ರ ಜನವರಿಯಲ್ಲಿ ಬಿಜೆಪಿಗೆ ವಾಪಸಾದರು. ಇವರ ಪೈಕಿ ಯಾರನ್ನೂ ಹಳಿಯುವುದು ನನ್ನ ಉದ್ದೇಶವಲ್ಲ. ಒಬ್ಬೊಬ್ಬರಿಗೂ ಅವರದೇ ಕಾರಣಗಳಿದ್ದವು. ಆ ಕಾರಣಗಳನ್ನು ಪತ್ರಿಕೆಗಳು ಪುಟಗಟ್ಟಲೆ ಚರ್ಚಿಸಿದವು. ಮತದಾರರಿಗೂ ಕಾರಣವಿರಬಹುದೆಂಬ ಅನುಮಾನವೇ ನಮಗೆ ಬರುವುದಿಲ್ಲ ಎನ್ನುವುದಷ್ಟೇ ನನ್ನ ತಕರಾರು.

ಪಕ್ಷಾಂತರ ತಡೆಯಲೆಂದು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಅದರ ಕಣ್ಣು ತಪ್ಪಿಸಲು ರಾಜೀನಾಮೆ ಕೊಟ್ಟು ಹೊಸ ಪಕ್ಷದ ಗುರುತಿನಲ್ಲಿ ಮತ್ತೆ ಸ್ಪರ್ಧಿಸುವ ದಾರಿಯನ್ನು ನಮ್ಮ ರಾಜ್ಯವೇ ದೇಶಕ್ಕೆ ತೋರಿಸಿಕೊಟ್ಟಿತು. 2019ರಲ್ಲಿ 17 ಶಾಸಕರು ಅನರ್ಹರಾದರು. ಆ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ 12 ಕಡೆ ಬಿಜೆಪಿ ಗೆದ್ದಿತು. ಒಂದೂವರೆ ವರ್ಷದ ಹಿಂದೆ ಕೈ ಗುರುತಿನಲ್ಲಿ ಗೆಲ್ಲಿಸಿದ್ದ ಮನುಷ್ಯನೇ ಕಮಲ ಹಿಡಿದು ಬಾಗಿಲಿಗೆ ಬಂದಾಗ ಎಂಬತ್ತು ವರ್ಷದವರೊಬ್ಬರು ಏನು ಮಾಡಬೇಕು? ಗುರುತಿಗೆ ಅಂಟಿಕೊಂಡರೆ ಮನುಷ್ಯನನ್ನು ಬಿಟ್ಟಂತೆ, ಮನುಷ್ಯನನ್ನು ಹಿಡಿದರೆ ಗುರುತನ್ನು ಬಿಟ್ಟಂತೆ. 2024ರಲ್ಲಿ ಇನ್ನೊಂದು ತೊಡಕು. ಬಿಜೆಪಿ ಮತ್ತು ಜೆಡಿಎಸ್ ಮೈತ್ರಿಯಲ್ಲಿ ಹಾಸನ, ಮಂಡ್ಯ ಮತ್ತು ಕೋಲಾರ ಬಿಟ್ಟರೆ ಉಳಿದ 25 ಕ್ಷೇತ್ರಗಳ ಮತಯಂತ್ರದಲ್ಲಿ ಜೆಡಿಎಸ್ ಗುರುತಾದ ತೆನೆ ಹೊತ್ತ ಮಹಿಳೆಯೇ ಇರಲಿಲ್ಲ. ಆ ಗುರುತನ್ನು ಹುಡುಕಿಕೊಂಡು ಹೋದ ಹಿರಿಯರು ಬೇರೆ ಗುಂಡಿ ಒತ್ತಿ ಬಂದರೆ ಅದನ್ನು ನಿಷ್ಠೆಯ ಬದಲಾವಣೆ ಎಂದು ಯಾವ ಬಾಯಲ್ಲಿ ಹೇಳುವುದು?

1999ರವರೆಗೆ ತಾಯಿ ಯಾರಿಗೆ ಮತ ಹಾಕಿದರೆಂಬುದು ನಮಗೆ ಬಹುಮಟ್ಟಿಗೆ ಗೊತ್ತು. ತಂದೆಯವರು ತೀರಿಕೊಂಡ ನಂತರದ ಚುನಾವಣೆಗಳ ಬಗ್ಗೆ ಗೊತ್ತಿಲ್ಲ. ಗಂಡನ ಎದುರು ಧೈರ್ಯವಾಗಿ ಹೇಳಿದವರು ಮಕ್ಕಳ ಎದುರು ಬಾಯಿ ಮುಚ್ಚಿಕೊಂಡದ್ದೇಕೆ ಎನ್ನುವುದಕ್ಕೆ ನನಗೆ ಹೊಳೆಯುವ ಕಾರಣ ಒಂದೇ. ತಂದೆಯವರ ಸಿಟ್ಟು ಒಂದು ಹೊತ್ತಿನ ಊಟಕ್ಕೆ ಮುಗಿಯುತ್ತಿತ್ತು. ಈಗ ಅವರು ಔಷಧಿಗೆ, ಆಸ್ಪತ್ರೆಗೆ, ಬ್ಯಾಂಕಿಗೆ, ಕೊನೆಗೆ ಮತಗಟ್ಟೆಗೆ ಹೋಗಲೂ ಮಕ್ಕಳನ್ನೇ ಅವಲಂಬಿಸಿದ್ದಾರೆ. ನನ್ನ ಅಣ್ಣ ಒಂದು ಪಕ್ಷದ ಕಟ್ಟಾ ಬೆಂಬಲಿಗ, ತಂಗಿ ಅದರ ಕಟ್ಟಾ ವಿರೋಧಿ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಿರುವ ಈ ಇಬ್ಬರೂ ಚುನಾವಣೆ ಬಂದರೆ ತಾಯಿಯ ಮತ ತಮ್ಮ ಕಡೆಗೇ ಎಂದು ಎಣಿಸಿಕೊಂಡು ಓಡಾಡುತ್ತಾರೆ. ಮೊದಲು ಮಾವನವರಿಗೆ ಸೇರಿದ್ದು, ಆಮೇಲೆ ಗಂಡನದೆಂದು ಎಣಿಸಲಾಗಿದ್ದು, ನಡುವೆ ಹತ್ತಿಪ್ಪತ್ತು ವರ್ಷ ಅವರದೇ ಆಗಿದ್ದ ಮತವನ್ನು ಈಗ ಮಕ್ಕಳು ಪಾಲು ಹಂಚಿಕೊಳ್ಳಲು ಕುಳಿತಂತಾಗಿದೆ.

2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ 80 ದಾಟಿದವರಿಗೂ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೂ ಮನೆಯಿಂದಲೇ ಅಂಚೆ ಮತಪತ್ರದ ಮೂಲಕ ಮತ ಹಾಕುವ ಅವಕಾಶ ಕೊಡಲಾಯಿತು. ಬೂತ್ ಮಟ್ಟದ ಅಧಿಕಾರಿ ಮನೆಗೆ ಬಂದು, ಅದಕ್ಕೆ ಅರ್ಜಿ ಸಲ್ಲಿಸುವ 12ಡಿ ನಮೂನೆ ಕೊಟ್ಟುಹೋದರು. ಮೇ 10ರ ಮತದಾನಕ್ಕೆ ಕೆಲವು ದಿನ ಮುಂಚೆ ಮತಗಟ್ಟೆ ಸಿಬ್ಬಂದಿ, ವಿಡಿಯೊ ತೆಗೆಯುವವರೊಬ್ಬರು ಮತ್ತು ಪೊಲೀಸರೊಬ್ಬರು ಮನೆಗೆ ಬಂದರು. ಮಂಚದ ಪಕ್ಕದ ಮೇಜಿನ ಮೇಲೆ ರಟ್ಟಿನ ಮರೆ ನಿಲ್ಲಿಸಿ, ಅದರ ಹಿಂದೆ ಮತಪತ್ರ ಮತ್ತು ಪೆನ್ನು ಇಟ್ಟರು. ಅಣ್ಣ ‘ಅಮ್ಮನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ನಾನು ತೋರಿಸುತ್ತೇನೆ’ ಎಂದು ಮರೆಯ ಹಿಂದಕ್ಕೆ ಬಗ್ಗಿದ. ಅಧಿಕಾರಿ ಏನಾದರೂ ಹೇಳುವ ಮೊದಲೇ ತಾಯಿ ಕನ್ನಡಕ ಒರೆಸಿಕೊಂಡು, ‘ನೀನು ಸ್ವಲ್ಪ ಹೊರಗಿರಪ್ಪ, ನನಗೆ ಕಾಣುತ್ತದೆ’ ಎಂದರು. ನಾವೆಲ್ಲ ಹೊರಗೆ ಬಂದೆವು. ಮತಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರಂತೆ. ಪಕ್ಷೇತರರ ಹೆಸರುಗಳನ್ನೂ ಬಿಡಲಿಲ್ಲವೆಂದು ಅಧಿಕಾರಿಯೇ ಆಮೇಲೆ ಹೇಳಿದರು. ಗುರುತು ಹಾಕಿ, ತಾವೇ ಮಡಿಸಿ, ಚಿಕ್ಕ ಲಕೋಟೆಯೊಳಗೆ ಇಟ್ಟು ಅಂಟಿಸಿ, ಘೋಷಣಾಪತ್ರಕ್ಕೆ ಸಹಿ ಮಾಡಿ ಕೊಟ್ಟರು. ಅಣ್ಣ ರಾತ್ರಿ ಮೆಲ್ಲಗೆ ಕೇಳಿದ್ದಕ್ಕೆ ಸಿಕ್ಕ ಉತ್ತರ: ‘ಅಂಟು ಹಾಕಿ ಆಯಿತಲ್ಲ.’

ಮರುವರ್ಷ ಮಾರ್ಚ್‌ನಲ್ಲಿ ಈ ಸೌಲಭ್ಯದ ವಯಸ್ಸನ್ನು 80ರಿಂದ 85ಕ್ಕೆ ಏರಿಸಿ ಚುನಾವಣಾ ನಡವಳಿ ನಿಯಮಗಳಿಗೆ ತಿದ್ದುಪಡಿ ತರಲಾಯಿತು. 2023ರಲ್ಲಿ ಮನೆಯಲ್ಲಿ ಕುಳಿತು ಮತ ಹಾಕಿದ ನನ್ನ ತಾಯಿ, ಒಂದು ವರ್ಷ ಹೆಚ್ಚು ವಯಸ್ಸಾದ ಮೇಲೆ, ಬಿಸಿಲಿನಲ್ಲಿ ಮತಗಟ್ಟೆಗೆ ಹೋಗಬೇಕಾಯಿತು. ತಿದ್ದುಪಡಿಯ ಹಿಂದೆ ಆಡಳಿತದ ಅನುಕೂಲ ಇರಬಹುದು. ಮತಗಟ್ಟೆಗೆ ಬರಲು ಹಿರಿಯರೇ ಇಷ್ಟಪಡುತ್ತಾರೆಂಬ ವಾದವೂ ಪೂರ್ತಿ ಸುಳ್ಳಲ್ಲ. ತಾಯಿಯೂ ಸಂತೋಷದಿಂದಲೇ ಹೊರಟರು. ಆದರೆ ಹೋಗಲಾಗದ ಎಷ್ಟೋ ಜನ ಆ ವರ್ಷ ಹಾಸಿಗೆಯಲ್ಲೇ ಉಳಿದಿರುತ್ತಾರೆ, ಇಲ್ಲವೇ ಕರೆದುಕೊಂಡು ಹೋಗುವವರ ಮರ್ಜಿಗೆ ಬಿದ್ದಿರುತ್ತಾರೆ. ಮತದ ಗುಟ್ಟು ಬಿಟ್ಟುಕೊಡಬೇಕಾಗಿ ಬರುವುದು ಇಂಥ ಕಡೆಯಲ್ಲೇ.

ಮತಗಟ್ಟೆಯಲ್ಲಿ ತಂಗಿ ಸಹಾಯಕಿಯಾಗಿ ಒಳಗೆ ಬರುತ್ತೇನೆಂದಳು. ನಿಯಮ ಏನು ಹೇಳುತ್ತದೆಂಬುದನ್ನು ಬಹುಪಾಲು ಮನೆಗಳಲ್ಲಿ ಯಾರೂ ಓದಿರುವುದಿಲ್ಲ. ಕಣ್ಣು ಕಾಣದಿದ್ದರೆ ಅಥವಾ ದೈಹಿಕ ದೌರ್ಬಲ್ಯದಿಂದ ಗುರುತನ್ನು ಗುರುತಿಸಲು, ಗುಂಡಿ ಒತ್ತಲು ಆಗದಿದ್ದರೆ ಮಾತ್ರ 18 ತುಂಬಿದ ಒಬ್ಬ ಸಹಾಯಕರನ್ನು ಜೊತೆಗೆ ಕರೆದೊಯ್ಯಬಹುದು. ಆ ಸಹಾಯಕರು ಮತದ ಗುಟ್ಟನ್ನು ಕಾಪಾಡುತ್ತೇನೆಂದೂ, ಅದೇ ದಿನ ಬೇರೆ ಯಾರಿಗೂ ಹೀಗೆ ಸಹಾಯ ಮಾಡಿಲ್ಲವೆಂದೂ ಬರೆದುಕೊಡಬೇಕು. ವಯಸ್ಸಾಗಿದೆ, ನಿಧಾನ, ಮರೆವು ಇದೆ ಎನ್ನುವುದು ಆ ನಿಯಮದಲ್ಲಿಲ್ಲ. ಮರೆವಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಚಿತ್ತಸ್ವಾಸ್ಥ್ಯ ಇಲ್ಲವೆಂದು ಸಕ್ಷಮ ನ್ಯಾಯಾಲಯ ಘೋಷಿಸಿದ ಹೊರತು ಆ ಕಾರಣಕ್ಕೆ ಯಾರನ್ನೂ ಮತದಾರರ ಪಟ್ಟಿಯಿಂದ ತೆಗೆಯುವಂತಿಲ್ಲ. ನೆನ್ನೆ ತಿಂದದ್ದು ನೆನಪಿಲ್ಲದ, ಆದರೆ 1974ರಲ್ಲಿ ಯಾರ ಅರ್ಜಿಗೆ ಯಾರು ತಕರಾರು ಹಾಕಿದರೆಂಬುದು ಚೆನ್ನಾಗಿ ನೆನಪಿರುವ ಹಿರಿಯರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಅವರ ಮತಕ್ಕೆ ಎರಡನೆಯ ನೆನಪೇ ಸಾಕು. ತಂಗಿಯನ್ನು ಬಾಗಿಲಲ್ಲೇ ನಿಲ್ಲಿಸಿದ ಅಧಿಕಾರಿ ಸರಿಯಾದುದನ್ನೇ ಮಾಡಿದರು. ತಾಯಿ ಹೊರಬಂದು ಹೇಳಿದ ದೂರು ಒಂದೇ: ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಚೀಟಿ ಕಾಣಿಸುವುದು ಏಳು ಸೆಕೆಂಡು ಮಾತ್ರ, ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಬಿದ್ದುಹೋಯಿತು.

ಹಿರಿಯರ ಮತ ಸುಲಭವಾಗಿ ಕೊಳ್ಳಲು ಸಿಗುತ್ತದೆ ಎನ್ನುವವರಿಗೂ ಒಂದು ಮಾತು. ಸಂಧ್ಯಾ ಸುರಕ್ಷಾ ಪಿಂಚಣಿ ಪಡೆಯುವ ಅಜ್ಜ, ಗೃಹಲಕ್ಷ್ಮಿಯ 2,000 ರೂಪಾಯಿ ಪಡೆಯುವ ಅತ್ತೆ, ಆ ಹಣ ಕೊಟ್ಟ ಸರ್ಕಾರದ ಕಡೆಗೆ ವಾಲಿದರೆ ಅವರನ್ನು ಬಿಟ್ಟಿ ಭಾಗ್ಯಗಳಿಗೆ ಮರುಳಾದವರೆನ್ನುತ್ತೇವೆ. ಅದೇ ಮನೆಯ ಸಂಬಳದಾರ ಮಗ 2025ರ ಕೇಂದ್ರ ಬಜೆಟ್‌ನಲ್ಲಿ ಹೊಸ ಪದ್ಧತಿಯ ಅಡಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದದ್ದನ್ನು ಮೆಚ್ಚಿ ಮತದ ಬಗ್ಗೆ ಯೋಚಿಸಿದರೆ ಅದು ಆರ್ಥಿಕ ತಿಳಿವಳಿಕೆ. ಮತದಾನದ ಹಿಂದಿನ ರಾತ್ರಿ ಹಂಚುವ ನೋಟಿನ ಮಾತು ಬೇರೆ, ಅದು ಅಪರಾಧ. ಅದನ್ನು ಪಡೆಯುವವರಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ. ಮೊಬೈಲಿನಲ್ಲಿ ಬರುವ ತಿರುಚಿದ ವಿಡಿಯೊಗಳಿಗೆ ಹಿರಿಯರು ಬಲಿಯಾಗುತ್ತಾರೆನ್ನುವುದು ನಿಜ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಅವನ್ನು ಹಂಚುವವರೆಲ್ಲ ನಲವತ್ತು ಐವತ್ತರ ನಡುವಿನವರು. ತಾಯಿ ಅವನ್ನು ನೋಡಿ, ‘ಇದು ನಿಜವೇನೋ?’ ಎಂದು ಕೇಳುತ್ತಾರೆ. ಹಂಚಿದವರು ಆ ಪ್ರಶ್ನೆ ಕೇಳಿಕೊಂಡದ್ದನ್ನು ನಾನು ಕಂಡಿಲ್ಲ.

ಇಷ್ಟು ಬರೆದ ಮೇಲೆ, ಚುನಾವಣೆ ನಡೆಸುವವರಲ್ಲಿಯೂ ನಿಮ್ಮ ಪತ್ರಿಕೆಯಲ್ಲಿಯೂ ಕೆಲವು ಕೋರಿಕೆಗಳಿವೆ. ಮನೆಮತದಾನದ ವಯಸ್ಸನ್ನು ಮತ್ತೆ 80ಕ್ಕೆ ಇಳಿಸುವುದು ಆಗದಿದ್ದರೆ, 2023ರಲ್ಲಿ ಈ ಸೌಲಭ್ಯ ಬಳಸಿದವರಿಗಾದರೂ ಅದನ್ನು ಮುಂದುವರಿಸಬೇಕು. 12ಡಿ ನಮೂನೆಯನ್ನು ಮನೆಯವರ ಕೈಗೆ ಕೊಟ್ಟು ಹೋಗದೆ ಮತದಾರರನ್ನೇ ಮಾತನಾಡಿಸಿ ಅವರ ಇಚ್ಛೆ ಕೇಳಬೇಕು. ಮನೆಯಲ್ಲಿ ಮತ ಹಾಕುವ ಪಟ್ಟಿಗೆ ಸೇರಿದವರು ಆಮೇಲೆ ಮತಗಟ್ಟೆಗೆ ಹೋಗುವಂತಿಲ್ಲವಾದ್ದರಿಂದ ಆ ನಿರ್ಧಾರ ಮಗನದೋ ಸೊಸೆಯದೋ ಆಗಬಾರದು. ತಂಡ ಮನೆಯೊಳಗೆ ಬಂದ ಕೂಡಲೇ, ಮತಪತ್ರ ಹೊರತೆಗೆಯುವ ಮೊದಲು, ಮನೆಯವರೆಲ್ಲ ಹೊರಗಿರಬೇಕೆಂದು ಅಧಿಕಾರಿ ಎಲ್ಲರಿಗೂ ಕೇಳುವಂತೆ ಹೇಳುವುದನ್ನು ಕಡ್ಡಾಯ ಮಾಡಬೇಕು. ಮಗನನ್ನು ಹೊರಗೆ ಕಳುಹಿಸುವ ಧೈರ್ಯ ಎಲ್ಲ ತಾಯಂದಿರಿಗೂ ಇರುವುದಿಲ್ಲ. ಅಧಿಕಾರಿ ಹೇಳಿದರೆ ಯಾರಿಗೂ ಮುಜುಗರವಿಲ್ಲ. ಪತ್ರಿಕೆಗಳು ಮತದಾನದ ಮರುದಿನ ಶಾಯಿ ಹಚ್ಚಿದ ಬೆರಳು ತೋರಿಸುವ ಅಜ್ಜಿಯರ ಚಿತ್ರ ಪ್ರಕಟಿಸುತ್ತವೆ. ಅವರನ್ನು ಯಾರಿಗೆ ಹಾಕಿದಿರಿ ಎಂದು ಕೇಳಬೇಕಾಗಿಲ್ಲ. 1971ರಲ್ಲಿ, 1983ರಲ್ಲಿ, 1994ರಲ್ಲಿ ಯಾಕೆ ಮನಸ್ಸು ಬದಲಿಸಿದಿರಿ ಎಂದು ಕೇಳಿ ಬರೆದುಕೊಳ್ಳಬಹುದು. ಜೋಡೆತ್ತಿನ ಕಾಲದಿಂದ ಮತ ಹಾಕಿದವರು ಇನ್ನು ಬಹಳ ಮಂದಿ ಉಳಿದಿಲ್ಲ, ಅವರ ಕಾರಣಗಳನ್ನು ದಾಖಲಿಸುವ ಕೆಲಸ ಮುಂದಿನ ವಿಧಾನಸಭಾ ಚುನಾವಣೆಯವರೆಗೆ ಕಾಯಬೇಕಾದದ್ದೂ ಅಲ್ಲ.

ಇಂತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು